ಮುಟ್ಟು ನಿಲ್ಲೋ ಕಾಲದ ಮರೆವು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೇಲಿ ಮೆನೋಪಾಸ್ ಬಗ್ಗೆ ಬರೆದಮೇಲೆ ತುಂಬಾ ಪತ್ರ, ಮೆಸೇಜ್ ಬಂದ್ವು. ಮೈ ಬಿಸಿ ಏರೋದು, ಬೆವರೋದು, ಮಂಡಿನೋವು ಇವೆಲ್ಲ ಕೇಳ್ತಾರೆ ಅಂದ್ಕೊಂಡಿದ್ದೆ, ಆದ್ರೆ ಮುಕ್ಕಾಲುಪಾಲು ಜನ ಕೇಳಿದ್ದು ಮರೆವಿನ ಬಗ್ಗೆ. ಹಾಗಾಗಿ ಈ ಸಲ ಪೂರ್ತಿ ಅದಕ್ಕೇ ಮೀಸಲು. ಹೆಸರು ಯಾರದ್ದೂ ಹಾಕಿಲ್ಲ, ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ.

ಪ್ರಶ್ನೆ: ಮೇಡಂ, ನಂಗೆ 48 ವರ್ಷ, ಅಕೌಂಟ್ಸ್ ಕೆಲಸ. ಒಂದು ವರ್ಷದಿಂದ ಪೀರಿಯಡ್ಸ್ ಏರುಪೇರು, ಎರಡು ತಿಂಗಳು ಬರೋದೇ ಇಲ್ಲ, ಆಮೇಲೆ ಒಂದೇ ತಿಂಗಳಲ್ಲಿ ಎರಡು ಸಲ. ಅದರ ಜೊತೆಗೇ ಈ ಮರೆವೂ ಶುರುವಾಗಿದೆ. ಮೀಟಿಂಗಲ್ಲಿ ಮಾತಾಡ್ತಾ ಇರುವಾಗ ಪದ ನಾಲಿಗೆ ತುದೀಲೇ ನಿಂತುಬಿಡತ್ತೆ, ವರ್ಷಗಟ್ಟಲೆ ಪಕ್ಕದಲ್ಲಿ ಕೂತವರ ಹೆಸರು ಬಾಯಿಗೆ ಬರಲ್ಲ. ನಮ್ಮಜ್ಜಿಗೆ ಕೊನೇಲಿ ಅಲ್ಜೈಮರ್ಸ್ ಇತ್ತು. ನಂಗೂ ಅದೇ ಶುರುವಾಯ್ತಾ? ಈ ಯೋಚನೇಲೇ ರಾತ್ರಿ ನಿದ್ದೆ ಹತ್ತಲ್ಲ.

ಉತ್ತರ: ಮೊದಲು ಧೈರ್ಯ ತಗೊಳಿ. ನೀವು ಬರೆದಿರೋದನ್ನ ನೋಡಿದ್ರೆ ಅದು ಅಲ್ಜೈಮರ್ಸ್ ಥರ ಕಾಣ್ತಿಲ್ಲ, ಮುಟ್ಟು ನಿಲ್ಲೋಕೆ ಮುಂಚಿನ ಕೆಲವು ವರ್ಷ ತುಂಬಾ ಹೆಂಗಸರಿಗೆ ಆಗೋ ಮರೆವಿನ ಥರಾನೇ ಇದೆ. ಆ ವರ್ಷಗಳಿಗೆ ಪೆರಿಮೆನೋಪಾಸ್ ಅಂತಾರೆ. ಮುಟ್ಟು ಪೂರ್ತಿ ನಿಲ್ಲೋದು ಹೆಚ್ಚಿನವರಿಗೆ 45ರಿಂದ 55ರೊಳಗೆ, ಆದ್ರೆ ಏರುಪೇರು ಅದಕ್ಕೂ ಕೆಲವು ವರ್ಷ ಮುಂಚೆನೇ ಶುರುವಾಗಿರತ್ತೆ, ಆ ಟೈಮಲ್ಲಿ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ನೇರವಾಗಿ ಇಳೀತಾ ಹೋಗಲ್ಲ, ಒಂದು ವಾರ ವಿಪರೀತ ಏರತ್ತೆ ಇನ್ನೊಂದು ವಾರ ಪಾತಾಳಕ್ಕೆ ಇಳಿಯತ್ತೆ. ನಿಮ್ಮ ಪೀರಿಯಡ್ಸ್ ಹೇಗೆ ಅಡ್ಡಾದಿಡ್ಡಿ ಆಗಿದ್ಯೋ ಹಾರ್ಮೋನೂ ಹಾಗೇ.

ಈ ಮರೆವು ನಿಮ್ಮ ಕಲ್ಪನೆ ಅಲ್ಲ ಅನ್ನೋದು ಟೆಸ್ಟಲ್ಲೂ ಗೊತ್ತಾಗತ್ತೆ. ಅಂಥ ಟೆಸ್ಟ್ ಹೇಗಿರತ್ತೆ ಅಂದ್ರೆ, ಎದುರಿಗೆ ಕೂತೋರು ಹದಿನೈದು ಪದ ಒಂದೊಂದಾಗಿ ಓದ್ತಾರೆ, ಒಂದಕ್ಕೊಂದು ಸಂಬಂಧ ಇಲ್ಲದ ಪದಗಳು, ಮುಗಿದ ತಕ್ಷಣ ನೆನಪಿದ್ದಷ್ಟು ನೀವು ಹೇಳಬೇಕು. ಅದೇ ಪಟ್ಟಿ ಐದು ಸಲ ಓದ್ತಾರೆ, ಪ್ರತಿ ಸಲಾನೂ ಹೇಳಿಸ್ತಾರೆ. ಆಮೇಲೆ ಬೇರೆ ಪಟ್ಟಿ ಓದಿ ತಲೆ ಕೆಡಿಸ್ತಾರೆ, ಬೇರೆ ಏನೋ ಕೆಲಸ ಕೊಡ್ತಾರೆ, ಸುಮಾರು ಅರ್ಧ ಗಂಟೆ ಆದಮೇಲೆ ಮೊದಲಿನ ಪಟ್ಟೀಲಿ ಏನೇನಿತ್ತು ಹೇಳಿ ಅಂತಾರೆ. ಅವರು ನೋಡೋದು ಕೊನೇಲಿ ಎಷ್ಟು ಉಳೀತು ಅನ್ನೋದನ್ನ ಮಾತ್ರ ಅಲ್ಲ, ಮೊದಲನೇ ಸಲದಿಂದ ಐದನೇ ಸಲಕ್ಕೆ ಎಷ್ಟು ಬೇಗ ಕಲೀತಾರೆ ಅನ್ನೋದನ್ನೂ ನೋಡ್ತಾರೆ. ಇಂಥ ಪದಗಳ ನೆನಪಲ್ಲಿ ಸಾಮಾನ್ಯವಾಗಿ ಹೆಂಗಸರು ಗಂಡಸರಿಗಿಂತ ಮುಂದೆ ಇರ್ತಾರೆ, ಮೆನೋಪಾಸ್ ಟೈಮಲ್ಲಿ ಕಮ್ಮಿ ಆಗೋದೂ ಇದೇನೇ.

ಅಮೆರಿಕದಲ್ಲಿ ಸ್ವಾನ್ ಅಂತ ಒಂದು ದೊಡ್ಡ ಅಧ್ಯಯನ ನಡೀತು, ಸಾವಿರಾರು ಹೆಂಗಸರನ್ನ ಮೆನೋಪಾಸ್‌ಗೆ ಮುಂಚಿಂದ ಹಿಡಿದು ಆಮೇಲಿನವರೆಗೂ ವರ್ಷ ವರ್ಷ ಗಮನಿಸ್ತಾ ಬಂದ್ರು. ಅದರಲ್ಲಿ 2,362 ಜನರ ಟೆಸ್ಟ್‌ಗಳ ಫಲಿತಾಂಶ 2009ರಲ್ಲಿ ಬಂತು. ಒಂದೇ ಥರದ ಟೆಸ್ಟ್ ಮತ್ತೆ ಮತ್ತೆ ಬರೆದ್ರೆ ಯಾರಿಗಾದ್ರೂ ಅಭ್ಯಾಸದಿಂದ ಸ್ವಲ್ಪ ಜಾಸ್ತಿ ಅಂಕ ಬರಬೇಕು ಅಲ್ವಾ, ಆದ್ರೆ ಪೆರಿಮೆನೋಪಾಸಲ್ಲಿ ಇರೋರಿಗೆ ಆ ಸುಧಾರಣೆ ಕಾಣಿಸ್ಲಿಲ್ಲ. ಮುಟ್ಟು ನಿಂತಾದ ಮೇಲೆ ಅದು ವಾಪಸ್ ಬಂತು! ಇದನ್ನ ಎರಡು ಸಲ ಓದ್ಕೊಳಿ. ಕಲಿಯೋ ಶಕ್ತಿ ಆ ನಡುವಿನ ವರ್ಷಗಳಲ್ಲಿ ಮಂದ ಆಗತ್ತೆ, ಹೆಚ್ಚಿನವರಲ್ಲಿ ಮತ್ತೆ ಸರಿಹೋಗತ್ತೆ. ಡಿಮೆನ್ಷಿಯಾ, ಅಂದ್ರೆ ಅಲ್ಜೈಮರ್ಸ್ ಥರದ ಮರೆವಿನ ಕಾಯಿಲೆ, ಹಾಗಲ್ಲ, ಅದರಲ್ಲಿ ನೆನಪು ಇಳೀತಾನೇ ಹೋಗತ್ತೆ.

ಇನ್ನು ಯಾವಾಗ ಗಾಬರಿ ಪಡಬೇಕು ಅಂದ್ರೆ, ಗೊತ್ತಿರೋ ದಾರೀಲೇ ದಾರಿ ತಪ್ಪೋದು, ಹತ್ತು ನಿಮಿಷದ ಹಿಂದೆ ಕೇಳಿದ್ದನ್ನೇ ಮತ್ತೆ ಕೇಳೋದು ಮತ್ತು ಕೇಳಿದೀನಿ ಅನ್ನೋದೇ ಗೊತ್ತಿಲ್ಲದೇ ಇರೋದು, ದಿನಾ ಮಾಡೋ ಲೆಕ್ಕಾನೇ ಹೇಗೆ ಅಂತ ತಿಳೀದೇ ಹೋಗೋದು, ನಿಮಗಿಂತ ಮನೆಯವರಿಗೇ ಜಾಸ್ತಿ ಚಿಂತೆ ಆಗೋದು. ನೀವು ಹೆಸರು ಮರೀತೀರಿ, ಆಮೇಲೆ ಅದು ತಾನಾಗೇ ಹೊಳೆಯತ್ತೆ, ಅಂದ್ರೆ ಒಳಗಡೆ ಇದೆ, ತೆಗೆಯೋದು ಲೇಟಾಗ್ತಿದೆ ಅಷ್ಟೇ.

ಆದ್ರೂ ಒಂದು ಸಲ ಡಾಕ್ಟರ ಹತ್ರ ಹೋಗಿ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಶುಗರ್ ನೋಡಿಸಿ, ಇವೆಲ್ಲಾನೂ ಇದೇ ಥರ ಮರೆವು ಕೊಡ್ತಾವೆ, ಎಲ್ಲಾನೂ ಹಾರ್ಮೋನ್ ತಲೆಗೆ ಕಟ್ಟಿ ಕೂತ್ರೆ ಸುಲಭವಾಗಿ ಸರಿಹೋಗೋದು ತಪ್ಪಿಹೋಗತ್ತೆ. ತೂಕಡಿಕೆ ಬರಿಸೋ ಅಲರ್ಜಿ ಮಾತ್ರೆ, ನಿದ್ದೆ ಮಾತ್ರೆ ತಗೊಳ್ತಿದ್ರೆ ಅದನ್ನೂ ಹೇಳಿ. ರಾತ್ರಿ ಬೆವರಿ ಎಚ್ಚರ ಆಗತ್ತಾ ಅನ್ನೋದನ್ನ ನೀವು ಬರೆದಿಲ್ಲ, ಆಗ್ತಿದ್ರೆ ಅದನ್ನ ಮೊದಲು ಹೇಳಿ. ನಿದ್ದೆ ಕೆಟ್ಟ ಮೆದುಳು ಹಿಂದಿನ ದಿನದ ನೆನಪನ್ನ ಸರಿಯಾಗಿ ಕೂಡಿಡಲ್ಲ. ಅಮೆರಿಕದ ಪಾಲಿನ್ ಮಾಕಿ ಅನ್ನೋ ಸಂಶೋಧಕಿ 2008ರಲ್ಲಿ ಹೆಂಗಸರ ಮೈಮೇಲೆ ಸೆನ್ಸಾರ್ ಅಂಟಿಸಿ ಎಷ್ಟು ಸಲ ಬಿಸಿ ಏರತ್ತೆ ಅಂತ ಅಳೆದು ನೋಡಿದ್ರು. ಸೆನ್ಸಾರ್ ಹಿಡಿದಷ್ಟು ಸಲ ಬಿಸಿ ಏರಿದ್ದು ಹೆಂಗಸರಿಗೇ ಗೊತ್ತಾಗಿರ್ಲಿಲ್ಲ, ಆದ್ರೆ ಸೆನ್ಸಾರಲ್ಲಿ ಜಾಸ್ತಿ ಬಂದೋರಿಗೆ ಪದಗಳ ನೆನಪು ಕಮ್ಮಿ ಇತ್ತು.

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನ್ನ ಹೆಂಡ್ತಿಗೆ 51. ಏನು ಮರೆತ್ರೂ ಹಾರ್ಮೋನ್ ಅಂತಾಳೆ. ತಪ್ಪು ತಿಳ್ಕೋಬೇಡಿ, ನಿಜವಾಗ್ಲೂ ಅರ್ಥ ಮಾಡ್ಕೊಳ್ಳೋಕೆ ಕೇಳ್ತಿದೀನಿ, ಗರ್ಭಕೋಶಕ್ಕೆ, ಮುಟ್ಟಿಗೆ ಸಂಬಂಧಪಟ್ಟ ಹಾರ್ಮೋನಿಗೂ ಮೆದುಳಿಗೂ ಏನು ಸಂಬಂಧ?

ಉತ್ತರ: ಕೇಳಿದ್ದು ಒಳ್ಳೇದಾಯ್ತು, ಸರ್. ಕೇಳದೇ ತೀರ್ಮಾನ ಮಾಡೋರೇ ಜಾಸ್ತಿ.

ಈಸ್ಟ್ರೋಜನ್ ಮುಟ್ಟಿನ ಹಾರ್ಮೋನ್ ಅಂತ ನಾವು ಕಲಿತುಬಿಟ್ಟಿದೀವಿ, ಅದೇ ತೊಂದ್ರೆ. ಅದು ರಕ್ತದಲ್ಲಿ ಇಡೀ ಮೈಯಲ್ಲಿ ಓಡಾಡತ್ತೆ, ಮೆದುಳೊಳಗೂ ಸಲೀಸಾಗಿ ಹೋಗತ್ತೆ. ಅದನ್ನ ಹಿಡಿದುಕೊಳ್ಳೋ ರಿಸೆಪ್ಟರ್‌ಗಳು ಮೆದುಳಲ್ಲಿ ಬೇಕಾದಷ್ಟಿವೆ, ಅದರಲ್ಲೂ ಎರಡು ಜಾಗ ಮುಖ್ಯ. ಒಂದು ಹಿಪ್ಪೋಕ್ಯಾಂಪಸ್, ಕಿವಿ ನೇರಕ್ಕೆ ಒಳಗಡೆ ಎರಡೂ ಕಡೆ ಇರತ್ತೆ, ಹೊಸ ನೆನಪು ಕೂರೋದು ಇದರಿಂದ. ಇನ್ನೊಂದು ಹಣೆ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್, ಫೋನ್ ನಂಬರ್ ಕೇಳಿ ಬರ್ಕೊಳ್ಳೋವರೆಗೂ ತಲೇಲಿ ಇಟ್ಕೊಳ್ತೀವಲ್ಲ, ಆ ಕೆಲಸ ಇದರದ್ದು. ಇವೆರಡರಲ್ಲೂ ಈಸ್ಟ್ರೋಜನ್‌ಗೆ ನೇರ ಕೈವಾಡ ಇದೆ. ಅಷ್ಟೇ ಅಲ್ಲ, ಮೆದುಳು ತಾನೇ ಸ್ವಲ್ಪ ಈಸ್ಟ್ರೋಜನ್ ತಯಾರಿಸ್ಕೊಳತ್ತೆ, ಗಂಡಸರ ಮೆದುಳಲ್ಲೂ ಟೆಸ್ಟೋಸ್ಟಿರೋನ್ ಒಂದಷ್ಟು ಈಸ್ಟ್ರೋಜನ್ ಆಗಿ ಬದಲಾಗತ್ತೆ. ಅಂದ್ರೆ ನಿಮ್ಮ ತಲೆಯೊಳಗೂ ಇದೆ.

1990ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಯೂನಿವರ್ಸಿಟೀಲಿ ಕ್ಯಾಥರೀನ್ ವೂಲಿ, ಬ್ರೂಸ್ ಮೆಕ್‌ಇವನ್ ಮತ್ತವರ ಜೊತೆಗಾರರು ಹೆಣ್ಣು ಇಲಿಗಳ ಹಿಪ್ಪೋಕ್ಯಾಂಪಸ್ಸನ್ನ ಮೈಕ್ರೋಸ್ಕೋಪ್ ಕೆಳಗೆ ನೋಡಿದ್ರು. ನರಕೋಶದ ಕವಲುಗಳ ಮೇಲೆ ಕೊಂಬೆ ಮೇಲಿನ ಮೊಗ್ಗಿನ ಥರ ಚಿಕ್ಕ ಚಿಕ್ಕ ಮುಳ್ಳುಗಳಿರ್ತಾವೆ, ಒಂದು ನರಕೋಶ ಇನ್ನೊಂದರ ಜೊತೆ ಮಾತಾಡೋದು ಇವುಗಳ ಮೂಲಕ. ಇಲಿಗಳ ಋತುಚಕ್ರ ನಾಲ್ಕೈದು ದಿನದ್ದು. ಈಸ್ಟ್ರೋಜನ್ ಜಾಸ್ತಿ ಇದ್ದ ದಿನ ಈ ಮುಳ್ಳುಗಳು ದಟ್ಟವಾಗಿದ್ವು, ಅಲ್ಲಿಂದ 24 ಗಂಟೇಲಿ ಸುಮಾರು 30% ಕಮ್ಮಿ ಆಗಿಬಿಟ್ಟಿದ್ವು, ಮುಂದಿನ ಚಕ್ರದಲ್ಲಿ ಮತ್ತೆ ಬೆಳೆದ್ವು. ಬೆಳೆದ ಪ್ರಾಣಿಯ ಮೆದುಳು ಇಷ್ಟು ಬೇಗ ಬದಲಾಗತ್ತೆ ಅಂತ ಆಗ ಯಾರೂ ಎಣಿಸಿರ್ಲಿಲ್ಲ.

ಇಲಿ ಸರಿ, ಮನುಷ್ಯರ ಕಥೆ ಏನು ಅಂತೀರಾ. 1999ರಲ್ಲಿ ಯೇಲ್ ಯೂನಿವರ್ಸಿಟಿಯ ಸ್ಯಾಲಿ ಶೇವಿಟ್ಜ್ ತಂಡ ಮುಟ್ಟು ನಿಂತ 46 ಹೆಂಗಸರನ್ನ ಮೆದುಳಿನ ಯಾವ ಭಾಗ ಚುರುಕಾಗಿದೆ ಅಂತ ತೋರಿಸೋ ಎಫ್‌ಎಂಆರ್‌ಐ ಸ್ಕ್ಯಾನರ್ ಒಳಗೆ ಮಲಗಿಸಿ ನೆನಪಿನ ಕೆಲಸ ಕೊಟ್ರು, ಕೆಲವು ಪದದ ಥರದವು, ಕೆಲವು ಬರೀ ಆಕಾರಗಳು, ನೋಡಿ ಸ್ವಲ್ಪ ಹೊತ್ತು ತಲೇಲಿ ಇಟ್ಕೊಂಡು ಆಮೇಲೆ ಇದೇನಾ ನೋಡಿದ್ದು ಅಂತ ಹೇಳಬೇಕು. ಪ್ರತಿಯೊಬ್ಬರಿಗೂ 21 ದಿನ ಈಸ್ಟ್ರೋಜನ್ ಮಾತ್ರೆ, 21 ದಿನ ಔಷಧಿ ಇಲ್ಲದ ಸುಳ್ಳು ಮಾತ್ರೆ, ಯಾವಾಗ ಯಾವುದು ಅಂತ ಅವರಿಗೆ ಗೊತ್ತಿರ್ಲಿಲ್ಲ. ಅದೇ ಹೆಂಗಸು, ಅದೇ ಕೆಲಸ, ಆದ್ರೆ ಈಸ್ಟ್ರೋಜನ್ ಇದ್ದಾಗ ಮೆದುಳು ಆ ಕೆಲಸ ಮಾಡೋ ರೀತಿಯೇ ಬೇರೆ ಆಗಿತ್ತು, ಪದಗಳನ್ನ ಹಿಡಿದಿಟ್ಕೊಳ್ಳುವಾಗ ಮೆದುಳಿನ ಪಕ್ಕದ ಪರೈಟಲ್ ಭಾಗ ಜಾಸ್ತಿ ಚುರುಕಾಗ್ತಿತ್ತು, ವಾಪಸ್ ನೆನಪು ಮಾಡ್ಕೊಳ್ಳುವಾಗ ಮುಂದಿನ ಒಂದು ಭಾಗ.

ಇಲ್ಲೇ ಒಂದು ಮಾತನ್ನ ಬಿಡದೇ ಹೇಳಬೇಕು, ಎಷ್ಟೋ ಕಡೆ ಇದನ್ನ ಹೇಳೋದೇ ಇಲ್ಲ. ಸ್ಕ್ಯಾನ್ ಬದಲಾಯ್ತು, ಆದ್ರೆ ಅಂಕ ಬದಲಾಗ್ಲಿಲ್ಲ. ಮಾತ್ರೆ ಇದ್ರೂ ಇಲ್ದಿದ್ರೂ ಅವರು ಸರಿ ಉತ್ತರ ಕೊಟ್ಟಿದ್ದು ಹೆಚ್ಚುಕಮ್ಮಿ ಅಷ್ಟೇ. ಈಸ್ಟ್ರೋಜನ್ ಇಳಿದ್ರೆ ಮೆದುಳು ಕೆಟ್ಟುಹೋಗತ್ತೆ ಅಂತ ಇದರಿಂದ ಹೇಳೋಕಾಗಲ್ಲ, ಅದು ಬೇರೆ ದಾರಿ ಹಿಡಿದು ಅದೇ ಕೆಲಸ ಮುಗಿಸತ್ತೆ ಅಂತ ಹೇಳಬಹುದು. ನಿಮ್ಮ ಹೆಂಡ್ತಿಗೆ ಆಗ್ತಿರೋ ಆಯಾಸ ಬಹುಶಃ ಆ ಬೇರೆ ದಾರೀಲಿ ನಡೆಯೋದರದ್ದು ಅಂತ ನನ್ನ ಅನಿಸಿಕೆ.

2016ರಲ್ಲಿ ಎಮಿಲಿ ಜೇಕಬ್ಸ್, ಜಿಲ್ ಗೋಲ್ಡ್‌ಸ್ಟೈನ್ ಮತ್ತವರ ತಂಡ 45ರಿಂದ 55 ವರ್ಷದ ಗಂಡಸರು ಹೆಂಗಸರಿಬ್ಬರನ್ನೂ ಸ್ಕ್ಯಾನ್ ಮಾಡಿದ್ರು. ಇಲ್ಲಿ ವಿಶೇಷ ಏನಂದ್ರೆ ವಯಸ್ಸು ಹೆಚ್ಚುಕಮ್ಮಿ ಒಂದೇ, ಆದ್ರೆ ಕೆಲವರಿಗೆ ಮುಟ್ಟು ಇನ್ನೂ ಬರ್ತಿದೆ, ಕೆಲವರಿಗೆ ಏರುಪೇರು, ಕೆಲವರಿಗೆ ನಿಂತಿದೆ. ವಯಸ್ಸಿನಿಂದ ಅಲ್ಲ, ಮುಟ್ಟು ಯಾವ ಹಂತದಲ್ಲಿದೆ ಅನ್ನೋದರಿಂದಲೇ ಹಿಪ್ಪೋಕ್ಯಾಂಪಸ್ ಕೆಲಸ ಮಾಡೋ ರೀತಿ ಬೇರೆ ಬೇರೆ ಕಾಣಿಸ್ತು. ರಕ್ತದಲ್ಲಿ ಎಸ್ಟ್ರಡಯಾಲ್, ಅಂದ್ರೆ ಈಸ್ಟ್ರೋಜನ್‌ಗಳಲ್ಲಿ ಮುಖ್ಯವಾದ್ದು, ಕಮ್ಮಿ ಇದ್ದಷ್ಟೂ ಈ ಬದಲಾವಣೆ ಜಾಸ್ತಿ, ಆಮೇಲಿನ ನೆನಪಿನ ಟೆಸ್ಟಲ್ಲಿ ಅಂಕಾನೂ ಕಮ್ಮಿ. ಹಾಗಿದ್ರೂ ಮುಟ್ಟು ನಿಂತವರಲ್ಲಿ ಕೆಲವರು ಟೆಸ್ಟಲ್ಲಿ ತುಂಬಾ ಚೆನ್ನಾಗಿ ಮಾಡಿದ್ರು. ಇದೇ ಎಮಿಲಿ ಜೇಕಬ್ಸ್ 2023ರಲ್ಲಿ ನೇಚರ್ ಪತ್ರಿಕೇಲಿ ಬರೆದ್ರು, ಮೆದುಳಿನ ಅಧ್ಯಯನಗಳಲ್ಲಿ ಹೆಂಗಸರ ಆರೋಗ್ಯಕ್ಕೇ ಸಂಬಂಧಿಸಿದ ವಿಷಯ ನೋಡೋವು ಬರೀ 0.5% ಅಂತ. ಪ್ರಪಂಚದ ಅರ್ಧ ಜನ ಹಾದುಹೋಗೋ ವಿಷಯ ಇದು. ಅದಕ್ಕೇ ಸರ್, ನಿಮ್ಮ ಮನೆಯವರು ಹಾರ್ಮೋನ್ ಅಂದಾಗ ನಂಬಿ, ಅವರಿಗೆ ಆಗ್ತಿರೋದನ್ನ ವಿಜ್ಞಾನ ಕೇಳೋಕೆ ಶುರುಮಾಡಿದ್ದೇ ಲೇಟು.

ಪ್ರಶ್ನೆ: ಹಾಯ್ ಮೇಡಂ, ನಾನು ಎಂಎಸ್ಸಿ ಸ್ಟೂಡೆಂಟ್, 23 ವರ್ಷ. ಪೀರಿಯಡ್ಸ್ ಟೈಮಲ್ಲಿ ಈಸ್ಟ್ರೋಜನ್ ಕಮ್ಮಿ ಇರತ್ತೆ ಅಂತ ಓದ್ದೆ. ಆವಾಗ ಎಕ್ಸಾಂ ಬಂದ್ರೆ ಓದಿದ್ದೆಲ್ಲ ಮರೆತುಹೋಗತ್ತಾ? ಓವ್ಯುಲೇಷನ್ ಟೈಮಲ್ಲೇ ಓದಬೇಕಾ?

ಉತ್ತರ: ಬೇಡಮ್ಮ, ಕ್ಯಾಲೆಂಡರ್ ನೋಡ್ಕೊಂಡು ಓದೋದು ಬೇಡ. ಪೀರಿಯಡ್ಸ್ ಶುರುವಾದಾಗ ಎಸ್ಟ್ರಡಯಾಲ್ ಕಮ್ಮಿ ಇರತ್ತೆ, ಮೊಟ್ಟೆ ಬಿಡುಗಡೆಗೆ ಸ್ವಲ್ಪ ಮುಂಚೆ ಅದು ಐದಾರು ಪಟ್ಟು ಏರಬಹುದು, ಅದೆಲ್ಲ ನಿಜ. ಮೆದುಳಲ್ಲೂ ಅದರ ಗುರುತು ಕಾಣಿಸತ್ತೆ. ಲಾರಾ ಪ್ರಿಟ್‌ಶೆಟ್ ಅನ್ನೋ ಸಂಶೋಧಕಿ ವಿದ್ಯಾರ್ಥಿನಿ ಆಗಿದ್ದಾಗಲೇ ತನ್ನ ಮೆದುಳನ್ನೇ 30 ದಿನ ದಿನಾ ಸ್ಕ್ಯಾನ್ ಮಾಡಿಸ್ಕೊಂಡು, ದಿನಾ ರಕ್ತ ಕೊಟ್ಟು, ಹಾರ್ಮೋನ್ ಏರಿಳಿತದ ಜೊತೆ ಮೆದುಳಿನ ಭಾಗಗಳ ನಡುವಿನ ಸಂಪರ್ಕ ಹೇಗೆ ಏರಿಳಿಯತ್ತೆ ಅಂತ ತೋರಿಸಿದ್ರು, ಅದು 2020ರಲ್ಲಿ ಪ್ರಕಟ ಆಯ್ತು. ಎಷ್ಟು ತಾಳ್ಮೆಯ ಕೆಲಸ ನೋಡಿ! ಆದ್ರೆ ಅಂಕಕ್ಕೆ ಬಂದ್ರೆ ಕಥೆ ಬೇರೆ. 2025ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನ ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದ್ರು, ಗಮನ, ನೆನಪು, ಭಾಷೆ ಯಾವುದರಲ್ಲೂ ತಿಂಗಳ ಇಂಥ ದಿನ ಹೆಂಗಸರು ಕಳಪೆ ಅಂತ ಹೇಳೋಕೆ ಗಟ್ಟಿ ಆಧಾರ ಸಿಗಲಿಲ್ಲ. ಹೊಟ್ಟೆನೋವಿಂದ ಕೂರೋಕಾಗ್ದೇ ಓದು ಹಾಳಾಗ್ತಿದ್ರೆ ಅದು ನೋವಿನ ಸಮಸ್ಯೆ, ನೆನಪಿನದ್ದಲ್ಲ, ಅದಕ್ಕೆ ಡಾಕ್ಟರ ಹತ್ರ ಒಳ್ಳೆ ಔಷಧಿ ಇದೆ, ಸಹಿಸ್ಕೊಂಡು ಕೂರಬೇಡ.

ಪ್ರಶ್ನೆ: ನನಗೆ 41. ಏಳು ತಿಂಗಳ ಹಿಂದೆ ಆಪರೇಷನ್ ಮಾಡಿ ಗರ್ಭಕೋಶದ ಜೊತೆ ಎರಡೂ ಓವರಿ ತೆಗೆದ್ರು. ಆಮೇಲಿಂದ ತಲೆಯೊಳಗೆ ಮಂಜು ಕವಿದ ಹಾಗೆ. ನನ್ನ ನಾದಿನಿಗೂ ಗರ್ಭಕೋಶ ತೆಗೆದಿದಾರೆ, ಅವಳಿಗೆ ಏನೂ ಆಗಿಲ್ಲ. ನನಗೆ ಮಾತ್ರ ಯಾಕೆ ಹೀಗೆ?

ಉತ್ತರ: ನಿಮ್ಮ ನಾದಿನಿಗೆ ಬಹುಶಃ ಓವರಿ ಉಳಿಸಿದಾರೆ, ವಿಚಾರಿಸಿ ನೋಡಿ. ಬರೀ ಗರ್ಭಕೋಶ ತೆಗೆದ್ರೆ ಮುಟ್ಟು ನಿಲ್ಲತ್ತೆ, ಆದ್ರೆ ಓವರಿಗಳು ಸಾಮಾನ್ಯವಾಗಿ ಇನ್ನೂ ಕೆಲವು ವರ್ಷ ಈಸ್ಟ್ರೋಜನ್ ಕೊಡ್ತಾನೇ ಇರ್ತಾವೆ. ಎರಡೂ ಓವರಿ ತೆಗೆದ್ರೆ ವರ್ಷಗಟ್ಟಲೆ ನಿಧಾನಕ್ಕೆ ಇಳಿಯಬೇಕಾದ್ದು ಕೆಲವೇ ದಿನದಲ್ಲಿ ಧಡಕ್ಕನೆ ಇಳಿಯತ್ತೆ, ಮೆದುಳಿಗೆ ಹೊಂದಿಕೊಳ್ಳೋಕೆ ಟೈಮೇ ಸಿಗಲ್ಲ.

ಕೆನಡಾದ ಮೆಕ್‌ಗಿಲ್ ಯೂನಿವರ್ಸಿಟಿಯ ಬಾರ್ಬರಾ ಶೆರ್ವಿನ್ ನಿಮ್ಮ ಥರ ಆಪರೇಷನ್ ಆಗೋ ಹೆಂಗಸರನ್ನ ಆಪರೇಷನ್‌ಗೆ ಮುಂಚೆನೂ ಆಮೇಲೂ ಟೆಸ್ಟ್ ಮಾಡಿದ್ರು. ಎರಡೆರಡು ಪದದ ಜೋಡಿ ಕೊಟ್ಟು ಒಂದು ಹೇಳಿದ್ರೆ ಇನ್ನೊಂದು ನೆನಪು ಮಾಡ್ಕೊಳ್ಳೋ ಟೆಸ್ಟಲ್ಲಿ, ಆಮೇಲೆ ಈಸ್ಟ್ರೋಜನ್ ಸಿಕ್ಕವರ ಅಂಕ ಹಾಗೇ ಉಳೀತು, ಸುಳ್ಳು ಔಷಧಿ ಸಿಕ್ಕವರದ್ದು ಇಳೀತು. ಇದು 1992ರ ವರದಿ. ಆಮೇಲೆ 2007ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ಮೆನೋಪಾಸ್‌ಗೆ ಮುಂಚೆ ಓವರಿ ತೆಗೆಸಿಕೊಂಡವರನ್ನ ತುಂಬಾ ವರ್ಷದ ದಾಖಲೆ ಇಟ್ಕೊಂಡು ನೋಡಿದಾಗ, ಅವರಿಗೆ ಮುಂದೆ ನೆನಪಿನ ತೊಂದ್ರೆ, ಡಿಮೆನ್ಷಿಯಾ ಬರೋ ಅಪಾಯ ಜಾಸ್ತಿ ಇತ್ತು, ಚಿಕ್ಕ ವಯಸ್ಸಲ್ಲಿ ತೆಗೆದಷ್ಟೂ ಜಾಸ್ತಿ. ಆದ್ರೆ 50ರವರೆಗೂ ಈಸ್ಟ್ರೋಜನ್ ತಗೊಂಡವರಲ್ಲಿ ಆ ಹೆಚ್ಚಿನ ಅಪಾಯ ಕಾಣಿಸಲಿಲ್ಲ.

ಹಾಗಾಗಿ ನಿಮಗೆ ನನ್ನ ಸಲಹೆ ಬೇರೆಯವರಿಗೆ ಕೊಡೋದಕ್ಕಿಂತ ಬೇರೆ. ಮುಂದೂಡಬೇಡಿ, ಈ ವಾರವೇ ಸ್ತ್ರೀರೋಗ ತಜ್ಞರ ಹತ್ರ ಹೋಗಿ ಹಾರ್ಮೋನ್ ಚಿಕಿತ್ಸೆ ಬಗ್ಗೆ ಕೇಳಿ. 45ಕ್ಕೆ ಮುಂಚೆ ಮುಟ್ಟು ನಿಂತೋರಿಗೆ, ಅದು ಆಪರೇಷನ್‌ನಿಂದ ಆಗಿರ್ಲಿ ತಾನಾಗೇ ಆಗಿರ್ಲಿ, ಬೇರೆ ಅಡ್ಡಿ ಇಲ್ಲದಿದ್ರೆ ಮಾಮೂಲಿ ಮೆನೋಪಾಸ್ ವಯಸ್ಸಿನವರೆಗಾದ್ರೂ ಕೊಡೋದು ವೈದ್ಯಕೀಯದಲ್ಲಿ ಒಪ್ಪಿರೋ ಮಾತು. ಮೂಳೆಗೂ ಹೃದಯಕ್ಕೂ ಅದು ಬೇಕು. ಯಾಕೆ ಓವರಿ ತೆಗೆದ್ರು ಅನ್ನೋ ಕಾಗದ ಪತ್ರ ಜೊತೇಲಿ ತಗೊಂಡು ಹೋಗಿ, ಕ್ಯಾನ್ಸರ್ ಕಾರಣಕ್ಕೆ ತೆಗೆದಿದ್ರೆ ಲೆಕ್ಕಾಚಾರ ಬದಲಾಗತ್ತೆ. ಆಪರೇಷನ್ ಆಗಿ ಏಳು ತಿಂಗಳಾದ್ರೂ ಇದನ್ನ ಯಾರೂ ನಿಮಗೆ ಬಿಡಿಸಿ ಹೇಳಿಲ್ಲ ಅಂದ್ರೆ ನನಗೆ ನಿಜವಾಗ್ಲೂ ಬೇಜಾರಾಗತ್ತೆ.

ಪ್ರಶ್ನೆ: ನನಗೀಗ 66 ವರ್ಷ. ಮುಟ್ಟು ನಿಂತು 15 ವರ್ಷ ಆಗಿದೆ. ಈಸ್ಟ್ರೋಜನ್ ಮಾತ್ರೆ ತಗೊಂಡ್ರೆ ನೆನಪಿನ ಶಕ್ತಿ ಜಾಸ್ತಿ ಆಗತ್ತೆ, ಡಿಮೆನ್ಷಿಯಾ ಬರಲ್ಲ ಅಂತ ಒಬ್ರು ಹೇಳಿದ್ರು. ಶುರು ಮಾಡ್ಲಾ?

ಉತ್ತರ: ಬೇಡಮ್ಮಾ. ನೆನಪಿಗೋಸ್ಕರ ಅಂತ ನಿಮ್ಮ ವಯಸ್ಸಲ್ಲಿ ಶುರು ಮಾಡಬೇಡಿ.

ಹಿಂದೆ ಡಾಕ್ಟರುಗಳೂ ಹಾಗೇ ನಂಬಿದ್ರು, ಮಾತ್ರೆ ತಗೊಳ್ಳೋ ಹೆಂಗಸರಲ್ಲಿ ಅಲ್ಜೈಮರ್ಸ್ ಕಮ್ಮಿ ಕಾಣಿಸ್ತಿತ್ತು. ಆದ್ರೆ ಆಗ ಮಾತ್ರೆ ತಗೊಳ್ತಿದ್ದೋರು ಓದಿದವರು, ಅನುಕೂಲಸ್ಥರು, ಮೊದಲಿಂದಲೂ ಆರೋಗ್ಯವಾಗಿದ್ದೋರೇ ಜಾಸ್ತಿ, ಅದರ ಲಾಭವೂ ಮಾತ್ರೆಯ ಲೆಕ್ಕಕ್ಕೆ ಸೇರಿಬಿಟ್ಟಿತ್ತು. ಆಮೇಲೆ 65 ದಾಟಿದ 4,532 ಹೆಂಗಸರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ (ಪ್ರೊಜೆಸ್ಟಿರೋನ್ ಥರದ ಹಾರ್ಮೋನ್), ಇನ್ನೊಂದಕ್ಕೆ ಸುಳ್ಳು ಮಾತ್ರೆ ಕೊಟ್ರು. 2003ರಲ್ಲಿ ಫಲಿತಾಂಶ ಬಂತು, ಹಾರ್ಮೋನ್ ಗುಂಪಲ್ಲಿ 40 ಜನಕ್ಕೆ ಡಿಮೆನ್ಷಿಯಾ, ಇನ್ನೊಂದರಲ್ಲಿ 21. ಕಮ್ಮಿ ಆಗೋದಿರ್ಲಿ, ದುಪ್ಪಟ್ಟಾಗಿತ್ತು. ವರ್ಷಕ್ಕೆ ಹತ್ತು ಸಾವಿರ ಜನಕ್ಕೆ ಸುಮಾರು 23 ಜನ ಹೆಚ್ಚು ಅಂತ ಲೆಕ್ಕ, ಅಂದ್ರೆ ಒಬ್ಬೊಬ್ಬರಿಗೆ ಅಪಾಯ ಚಿಕ್ಕದೇ, ಆದ್ರೆ ತಡೆಯೋಕೆ ಅಂತ ತಗೊಂಡ ಔಷಧಿ ಜಾಸ್ತಿ ಮಾಡಿದ್ರೆ ಅದನ್ನ ಯಾಕೆ ತಗೋಬೇಕು.

ಇಂಥ ಫಲಿತಾಂಶಗಳನ್ನ ನೋಡಿ ಇನ್ನೊಂದು ಅನಾಹುತ ಆಯ್ತು, 50ರ ಆಸುಪಾಸಿನ, ರಾತ್ರಿಯಿಡೀ ಬೆವರಿ ನಿದ್ದೆಗೆಟ್ಟ ಹೆಂಗಸರಿಗೂ ಹೆದರಿಸಿ ಮಾತ್ರೆ ನಿಲ್ಲಿಸಿದ್ರು. ಅವರ ಲೆಕ್ಕ ಬೇರೆ. ಮುಟ್ಟು ನಿಂತ ಹೊಸದರಲ್ಲಿ ಶುರು ಮಾಡಿದವರನ್ನ ನೋಡಿದ ಕೀಪ್ಸ್, ಎಲೈಟ್ ಅನ್ನೋ ಎರಡು ಅಧ್ಯಯನ 2015, 2016ರಲ್ಲಿ ಬಂದ್ವು, ಅವರ ನೆನಪಿಗೆ ಹಾನಿಯೂ ಆಗಿರ್ಲಿಲ್ಲ, ಲಾಭವೂ ಆಗಿರ್ಲಿಲ್ಲ. ಅದಕ್ಕೇ ಈಗ ಡಾಕ್ಟರುಗಳು ಮೈ ಬಿಸಿ, ಬೆವರು, ನಿದ್ದೆಗೇಡು ವಿಪರೀತ ಇದ್ದು, 60ರೊಳಗಿದ್ದು ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗಿದ್ರೆ ಹಾರ್ಮೋನ್ ಕೊಡ್ತಾರೆ, ಅದರಿಂದ ನಿದ್ದೆ ಸರಿಹೋಗಿ ತಲೆಯೂ ತಿಳಿಯಾದ್ರೆ ಒಳ್ಳೇದೇ. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟಿದ್ದ ಅಥವಾ ಸ್ಟ್ರೋಕ್ ಆಗಿದ್ದವರಿಗೆ, ಲಿವರ್ ತೊಂದ್ರೆ ಇದ್ದವರಿಗೆ ಸಾಮಾನ್ಯವಾಗಿ ಕೊಡಲ್ಲ. ಗರ್ಭಕೋಶ ಇರೋರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ರೆ ಅದರ ಒಳಪದರ ಅತಿಯಾಗಿ ಬೆಳೆದು ಕ್ಯಾನ್ಸರ್ ಅಪಾಯ ಬರತ್ತೆ, ಜೊತೆಗೆ ಪ್ರೊಜೆಸ್ಟಿರೋನ್ ಬೇಕೇಬೇಕು. ಅಕ್ಕಪಕ್ಕದವರ ಚೀಟಿ ತೋರಿಸಿ ಮೆಡಿಕಲ್ ಶಾಪಲ್ಲಿ ತರೋ ಔಷಧಿ ಅಲ್ಲ ಇದು.

ನಿಮ್ಮ ವಯಸ್ಸಿಗೆ ಬಿಪಿ ಹಿಡಿತದಲ್ಲಿಡಿ, ಶುಗರ್ ನೋಡ್ಕೊಳಿ, ದಿನಾ ನಡೀರಿ, ಕಿವಿ ಕೇಳೋದು ಕಮ್ಮಿ ಆಗಿದ್ರೆ ಹಿಯರಿಂಗ್ ಏಡ್ ಹಾಕಿಸ್ಕೊಳಿ. ಕಿವಿ ಮಂದ ಆದವರಲ್ಲಿ ಡಿಮೆನ್ಷಿಯಾ ಜಾಸ್ತಿ ಕಾಣಿಸತ್ತೆ, ಅದನ್ನ ತುಂಬಾ ಜನ ನಾಚಿಕೆಯಿಂದ ಮುಂದೂಡ್ತಾರೆ.

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್ ಆಗಿ ಟ್ರೀಟ್‌ಮೆಂಟ್ ಮುಗಿದಿದೆ, ಈಗ ದಿನಾ ಟ್ಯಾಮಾಕ್ಸಿಫೆನ್ ಮಾತ್ರೆ. ಆ ಮಾತ್ರೆ ಶುರುವಾದಮೇಲೆ ತುಂಬಾ ಮರೀತಾರೆ. ಮಾತ್ರೇನೇ ನಿಲ್ಲಿಸಿಬಿಡ್ತೀನಿ ಅಂತಿದಾರೆ. ಏನ್ ಮಾಡ್ಲಿ ಮೇಡಂ?

ಉತ್ತರ: ಅಮ್ಮನ್ನ ಹೇಗಾದ್ರೂ ಮಾಡಿ ತಡೀರಿ, ತಾವಾಗೇ ನಿಲ್ಲಿಸೋದು ಬೇಡ. ಆ ಮಾತ್ರೆ ಕ್ಯಾನ್ಸರ್ ಮತ್ತೆ ಬರದ ಹಾಗೆ ಕಾಯ್ತಿದೆ. ಆದ್ರೆ ಅಮ್ಮ ಹೇಳ್ತಿರೋದೂ ಸುಳ್ಳಲ್ಲ. ಟ್ಯಾಮಾಕ್ಸಿಫೆನ್ ಈಸ್ಟ್ರೋಜನ್ ಕೂರಬೇಕಾದ ರಿಸೆಪ್ಟರ್‌ನಲ್ಲಿ ತಾನು ಕೂತುಬಿಡತ್ತೆ, ಸ್ತನದಲ್ಲಿ ಅದರ ಕೆಲಸ ತಡೆಯತ್ತೆ, ಗರ್ಭಕೋಶದಲ್ಲಿ ಸ್ವಲ್ಪ ಈಸ್ಟ್ರೋಜನ್ ಥರಾನೇ ನಡ್ಕೊಳತ್ತೆ, ಮೆದುಳಲ್ಲೂ ರಿಸೆಪ್ಟರ್ ಇರೋದರಿಂದ ಅಲ್ಲೂ ಪರಿಣಾಮ ಆಗಬಹುದು. 2010ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸಿನ ಒಂದು ಅಧ್ಯಯನದಲ್ಲಿ ಒಂದು ವರ್ಷ ಟ್ಯಾಮಾಕ್ಸಿಫೆನ್ ತಗೊಂಡವರು ಪದಗಳ ನೆನಪಲ್ಲಿ ಆರೋಗ್ಯವಂತ ಹೆಂಗಸರಿಗಿಂತ ಹಿಂದೆ ಇದ್ರು, ಎಕ್ಸೆಮೆಸ್ಟೇನ್ ಅನ್ನೋ ಬೇರೆ ಥರದ ಮಾತ್ರೆ ತಗೊಂಡವರಲ್ಲಿ ಹಾಗೆ ಕಾಣಿಸಿರ್ಲಿಲ್ಲ. ಹಾಗಂತ ಎಲ್ಲರಿಗೂ ಮಾತ್ರೆ ಬದಲಾಯಿಸೋಕಾಗಲ್ಲ, ಮುಟ್ಟು ನಿಂತಿದ್ಯಾ ಇಲ್ವಾ, ಮೂಳೆ ಹೇಗಿದೆ ಅನ್ನೋದೆಲ್ಲ ನೋಡಬೇಕು. ಮುಂದಿನ ಚೆಕಪ್‌ಗೆ ನೀವೂ ಜೊತೇಲಿ ಹೋಗಿ, ಯಾವಾಗಿಂದ ಏನೇನು ಮರೀತಿದಾರೆ ಅಂತ ಬರ್ಕೊಂಡು ಹೋಗಿ ಕ್ಯಾನ್ಸರ್ ಡಾಕ್ಟರ ಮುಂದೆ ಹೇಳಿ. ಕೀಮೋ ಆಗಿದ್ರೆ ಅದರದ್ದೂ ಪಾಲಿರತ್ತೆ, ನಿದ್ದೆ ಇಲ್ಲದ್ದು, ಕ್ಯಾನ್ಸರ್ ಭಯ ಇವೂ ಸೇರ್ಕೊಂಡಿರ್ತಾವೆ. ಈಸ್ಟ್ರೋಜನ್ ಮಾತ್ರೆ ಅವರಿಗೆ ಬೇಡ, ಮೆನೋಪಾಸ್‌ಗೆ ಅಂತ ಮಾರೋ ಗಿಡಮೂಲಿಕೆ ಸಪ್ಲಿಮೆಂಟ್‌ಗಳನ್ನೂ ಡಾಕ್ಟರನ್ನ ಕೇಳದೇ ಕೊಡಬೇಡಿ.

ಪ್ರಶ್ನೆ: ಹೆರಿಗೆ ಆಗಿ ಮೂರು ತಿಂಗಳು. ಎಲ್ಲಾ ಮರೀತೀನಿ. ಇದೂ ಈಸ್ಟ್ರೋಜನ್ನಾ?

ಉತ್ತರ: ಪಾಲಿದೆ. ಗರ್ಭಿಣಿ ಇದ್ದಾಗ ಈಸ್ಟ್ರೋಜನ್ ಬೇರೆ ಯಾವ ಕಾಲದಲ್ಲೂ ಏರದಷ್ಟು ಏರಿರತ್ತೆ, ಮಾಸು ಆಚೆ ಬಂದ ಮೇಲೆ ಕೆಲವೇ ದಿನದಲ್ಲಿ ಕುಸಿಯತ್ತೆ. 2016ರಲ್ಲಿ ಎಲ್ಸೆಲೀನ್ ಹೂಕ್ಸೆಮಾ ಮತ್ತವರ ತಂಡ ಮೊದಲನೇ ಸಲ ತಾಯಿ ಆದವರನ್ನ ಗರ್ಭ ಧರಿಸೋ ಮುಂಚೆನೂ ಹೆರಿಗೆ ಆದಮೇಲೂ ಸ್ಕ್ಯಾನ್ ಮಾಡಿದಾಗ ಮೆದುಳಿನ ಕೆಲವು ಭಾಗದ ಬೂದು ಪದರ ಕಮ್ಮಿ ಆಗಿತ್ತು, ಕನಿಷ್ಠ ಎರಡು ವರ್ಷ ಹಾಗೇ ಇತ್ತು. ಹೆದರಬೇಡಿ, ಅವರ ನೆನಪಿನ ಅಂಕ ಇಳಿದಿರ್ಲಿಲ್ಲ, ಆ ಬದಲಾವಣೆ ಜಾಸ್ತಿ ಇದ್ದ ತಾಯಂದಿರಿಗೆ ಮಗು ಜೊತೆ ಬಾಂಧವ್ಯ ಇನ್ನೂ ಗಟ್ಟಿ ಇತ್ತು. ಎರಡು ಗಂಟೆಗೊಂದು ಸಲ ಎದ್ದು ಹಾಲು ಕೊಡೋರಿಗೆ ನಿದ್ದೆ ಸಾಲದೇ ಮರೆವು ಬರೋದು ಸಹಜ. ಆದ್ರೆ ಮರೆವಿನ ಜೊತೆ ಅಳು, ಯಾವುದ್ರಲ್ಲೂ ಆಸಕ್ತಿ ಇಲ್ಲದೇ ಇರೋದು, ಮಗು ಮೇಲೆ ಮನಸ್ಸೇ ಇಲ್ಲ ಅನ್ಸೋದು ಎರಡು ವಾರದ ಮೇಲೂ ಇದ್ರೆ ಅದನ್ನ ಮುಚ್ಚಿಡಬೇಡಿ, ಮನೆಯವರಿಗೆ ಹೇಳಿ, ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಈಸ್ಟ್ರೋಜನ್ ಲೆವೆಲ್ ಬ್ಲಡ್ ಟೆಸ್ಟ್ ಮಾಡಿಸ್ಲಾ ಮೇಡಂ, ನನಗೆ 49. ಸೋಯಾ ಕ್ಯಾಪ್ಸೂಲ್ ತಗೊಂಡ್ರೆ ಮರೆವು ಕಮ್ಮಿ ಆಗತ್ತಾ?

ಉತ್ತರ: ಟೆಸ್ಟ್‌ಗೆ ದುಡ್ಡು ಹಾಕ್ಬೇಡಿ. 45 ದಾಟಿದವರಿಗೆ ಪೀರಿಯಡ್ಸ್ ಏರುಪೇರು ಆಗಿ, ಬಿಸಿ ಏರ್ತಾ ಇದ್ರೆ ಅಷ್ಟರಿಂದಲೇ ಪೆರಿಮೆನೋಪಾಸ್ ಅಂತ ಗೊತ್ತಾಗತ್ತೆ, ಇವತ್ತಿನ ರಿಪೋರ್ಟಲ್ಲಿ ಜಾಸ್ತಿ ಬಂದದ್ದು ಮುಂದಿನ ವಾರ ತಳ ಹಿಡಿದಿರತ್ತೆ, ಆ ಒಂದು ನಂಬರ್ ನೋಡಿ ನಿಮ್ಮ ನೆನಪಿನ ಬಗ್ಗೆ ಯಾರೂ ಏನೂ ಹೇಳೋಕಾಗಲ್ಲ. 40–45ರೊಳಗೆ ಮುಟ್ಟು ನಿಲ್ತಿದೆ ಅಂತ ಅನುಮಾನ ಇದ್ರೆ ಮಾತ್ರ ಹಾರ್ಮೋನ್ ಟೆಸ್ಟ್ ಮುಖ್ಯ, ಆಗ ತಪ್ಪದೇ ಮಾಡಿಸಬೇಕು.

ಸೋಯಾದಲ್ಲಿ ಐಸೋಫ್ಲೇವೋನ್ ಅಂತ ಈಸ್ಟ್ರೋಜನ್ ಥರದ ಅಂಶ ಇರೋದು ನಿಜ. ಮುಟ್ಟು ನಿಂತ ಸುಮಾರು 350 ಹೆಂಗಸರಿಗೆ ಎರಡೂವರೆ ವರ್ಷ ಕೊಟ್ಟು ನೋಡಿದ್ರು, ಒಟ್ಟಾರೆ ಬುದ್ಧಿಶಕ್ತಿ ಏನೂ ಸುಧಾರಿಸಲಿಲ್ಲ, 2012ರಲ್ಲಿ ಆ ಫಲಿತಾಂಶ ಬಂತು. ಊಟದಲ್ಲಿ ತಿಂದ್ರೆ ತೊಂದ್ರೆ ಇಲ್ಲ, ಮರೆವಿಗೆ ಅಂತ ಡಬ್ಬಿಗಟ್ಟಲೆ ಕ್ಯಾಪ್ಸೂಲ್ ತಗೋಬೇಡಿ. ಆ ದುಡ್ಡಲ್ಲಿ ಥೈರಾಯ್ಡ್, ಬಿ12 ನೋಡಿಸಿ. ಮತ್ತೆ ಒಂದು ಚಿಕ್ಕ ನೋಟ್‌ಬುಕ್ಕಲ್ಲಿ ಪೀರಿಯಡ್ಸ್ ಯಾವತ್ತು ಬಂತು, ರಾತ್ರಿ ಎಷ್ಟು ಸಲ ಎಚ್ಚರ ಆಯ್ತು, ಅವತ್ತು ಏನು ಮರೆತ್ರಿ ಅಂತ ಎರಡು ಮೂರು ತಿಂಗಳು ಬರೆದಿಟ್ಟು ಡಾಕ್ಟರಿಗೆ ತೋರಿಸಿ, ಯಾವ ಹಾರ್ಮೋನ್ ರಿಪೋರ್ಟಿಗಿಂತಲೂ ಅದರಿಂದ ಅವರಿಗೆ ಜಾಸ್ತಿ ಗೊತ್ತಾಗತ್ತೆ.